ವಾಲ್ವ್ ಆಂಪ್ಲಿಫೈಯರ್‌ನ ಬಯಾಸ್: ತಳಕಿನ ಕರೆಂಟಿಗೆ ಒಂದು ಲೆಕ್ಕ

ತಳಕು ಸೀಮೆಯ ರೈತರಿಗೆ ವಾಲ್ವ್ ಎಂದರೆ ಬೋರ್‌ವೆಲ್ ಪೈಪಿಗೆ ಕೂರಿಸಿದ ಗೇಟ್ ವಾಲ್ವ್. ಶೇಂಗಾ ಹೊಲಕ್ಕೆ ಎಷ್ಟು ನೀರು, ಈರುಳ್ಳಿ ಮಡಿಗೆ ಎಷ್ಟು ಎಂಬುದು ಅದರ ಚಕ್ರವನ್ನು ಎಷ್ಟು ತಿರುಗಿಸಿದ್ದೇವೆ ಅನ್ನುವುದರ ಮೇಲಿದೆ. ಹಳೆಯ ರೇಡಿಯೊ, ಮೈಕ್ ಸೆಟ್, ಗಿಟಾರ್ ಆಂಪ್ಲಿಫೈಯರ್‌ಗಳ ಒಳಗೆ ಕೆಂಡದ ಬಣ್ಣದಲ್ಲಿ ಬೆಳಗುವ ಗಾಜಿನ ನಳಿಕೆಗೂ ಅದೇ ಹೆಸರಿದೆ, ಕೆಲಸವೂ ಹೆಚ್ಚು ಕಡಿಮೆ ಅದೇ. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಇಂಥ ಮೊದಲ ನಳಿಕೆಯನ್ನು ಮಾಡಿದರು. ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತಿದ್ದುದರಿಂದ ವಾಲ್ವ್ ಎಂಬ ಹೆಸರು ಬಂತು. ಎರಡು ವರ್ಷದ ಮೇಲೆ ಅಮೆರಿಕದ ಲೀ ಡಿ ಫಾರೆಸ್ಟ್ ಅದರೊಳಗೆ ಮೂರನೆಯದಾಗಿ ತಂತಿಯ ಜಾಲರಿಯೊಂದನ್ನು ಸೇರಿಸಿದರು. ಹರಿವನ್ನು ಬೇಕಾದಷ್ಟು ಬಿಗಿ ಮಾಡುವ, ಸಡಿಲಿಸುವ ಚಕ್ರ ನಳಿಕೆಗೆ ಸಿಕ್ಕಿದ್ದು ಆಗ.

ಹಾಡು ನುಡಿಯದೆ ಆಂಪ್ಲಿಫೈಯರ್ ಸುಮ್ಮನೆ ಆನ್ ಆಗಿರುವಾಗ ಆ ಚಕ್ರ ಎಷ್ಟು ತೆರೆದಿರಬೇಕು? ಇದನ್ನು ನಿಗದಿ ಮಾಡುವುದೇ ಬಯಾಸ್. ಗಿಟಾರಿನ ದನಿ, ವಾಲ್ವಿನ ಆಯುಸ್ಸು ಎರಡೂ ಇದರ ಮೇಲೆ ನಿಂತಿವೆ. ಇದರ ಅಂಕಿಗಳು ಪುಸ್ತಕದಲ್ಲಿ ಸಿಗುತ್ತವೆ, ಅಂತರ್ಜಾಲದಲ್ಲೂ ಸಿಗುತ್ತವೆ. ಆದರೆ ಆ ಅಂಕಿ ಬರೆದವರ ಮನೆಯ ಗೋಡೆಯಲ್ಲಿದ್ದ ವೋಲ್ಟೇಜು ನಮ್ಮ ಮನೆಯ ಗೋಡೆಯಲ್ಲಿ ಇರುವುದಿಲ್ಲ. ಈ ಬರಹದ ಮುಖ್ಯ ಮಾತು ಅದು.

ಮೈಕ್ ಸೆಟ್ಟಿನ ನಂಟು

ಚಳ್ಳಕೆರೆಯಿಂದ ಬಳ್ಳಾರಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ತಳಕು ಕನ್ನಡ ಓದುಗರಿಗೆ ಟಿ.ಎಸ್. ವೆಂಕಣ್ಣಯ್ಯ ಮತ್ತು ತ.ರಾ.ಸುಬ್ಬರಾಯರ ಮನೆತನದ ಊರು. ತ.ರಾ.ಸು. ಕಾದಂಬರಿಗಳನ್ನು ಆಧರಿಸಿದ ‘ನಾಗರಹಾವು’ 1972ರಲ್ಲಿ ತೆರೆಗೆ ಬಂತು. ಟೆಂಟ್ ಸಿನಿಮಾಗಳ ಕಾಲದಲ್ಲಿ ಚಿತ್ರದ ದನಿಯನ್ನು ಊರಿಗೆಲ್ಲ ಕೇಳುವಂತೆ ಮಾಡಿದ್ದು ಪ್ರೊಜೆಕ್ಟರಿನ ಪಕ್ಕದಲ್ಲಿದ್ದ ವಾಲ್ವ್ ಆಂಪ್ಲಿಫೈಯರ್. ಗೌರಸಮುದ್ರದ ಮಾರಮ್ಮನ ಜಾತ್ರೆ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ತೇರು, ಊರೂರಿನ ಬಯಲಾಟ ಎಲ್ಲಕ್ಕೂ ಒಂದು ಕಾಲದಲ್ಲಿ ಇದೇ ಬಗೆಯ ಸೆಟ್ಟುಗಳು ಮತ್ತು ಬೇವಿನ ಮರಕ್ಕೆ ಕಟ್ಟಿದ ಹಾರ್ನುಗಳು ದುಡಿದವು.

ಗಿಟಾರ್ ಈ ಸೀಮೆಗೆ ಬಂದದ್ದು ತಡವಾಗಿ, ಗಣೇಶನ ಹಬ್ಬದ ಆರ್ಕೆಸ್ಟ್ರಾಗಳ ಜೊತೆಗೆ. ಆದರೆ ಹಳೆಯ ಮೈಕ್ ಸೆಟ್ಟಿನ ಹಿಂಬದಿಯ ಜೋಡಿ ವಾಲ್ವುಗಳಿಗೂ ಲಂಡನ್ನಿನ ಮಾರ್ಷಲ್ ಆಂಪ್ಲಿಫೈಯರ್‌ನ ಜೋಡಿ ವಾಲ್ವುಗಳಿಗೂ ಮೂಲದಲ್ಲಿ ವ್ಯತ್ಯಾಸವಿಲ್ಲ. ಎರಡರಲ್ಲೂ 6ಎಲ್6 ಅಥವಾ ಇಎಲ್34ರಂಥ ದಪ್ಪ ವಾಲ್ವುಗಳು, ಅವುಗಳ ಹಿಂದೆ ಭಾರದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್.

ಬೆಂಗಳೂರಿನ ಪಾಲು ಇನ್ನೂ ದೊಡ್ಡದು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1954ರಲ್ಲಿ ಹುಟ್ಟಿ 1961ರಿಂದ ರೇಡಿಯೊ ವಾಲ್ವುಗಳನ್ನು ತಯಾರಿಸತೊಡಗಿತು. ಅದು ಮಾಡಿದ ಇಎಲ್84 ವಾಲ್ವುಗಳನ್ನು ಹೊರದೇಶಗಳ ಗಿಟಾರ್ ವಾದಕರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಇಂಗ್ಲೆಂಡಿನ ವಾಕ್ಸ್ ಕಂಪನಿಯ ಎಸಿ30 ಆಂಪ್ಲಿಫೈಯರ್‌ನಲ್ಲಿ, ಅಂದರೆ ಬೀಟಲ್ಸ್ ತಂಡದ ಗಿಟಾರುಗಳ ಹಿಂದಿದ್ದ ಆ ಪೆಟ್ಟಿಗೆಯಲ್ಲಿ, ಇರುವುದು ಇದೇ ಒಂಬತ್ತು ಕಡ್ಡಿಯ ಇಎಲ್84, ನಾಲ್ಕು. ನಮ್ಮ ಅಜ್ಜಂದಿರ ರೇಡಿಯೊಗೆಂದು ಜಾಲಹಳ್ಳಿಯಲ್ಲಿ ಮಾಡಿದ ವಾಲ್ವ್ ಅದರ ಸಾಕೆಟ್ಟಿಗೆ ಹಾಗೆಯೇ ಕೂರುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ವಾಲ್ವಿನ ಒಳಗೆ

ನಡುವಿನ ಕ್ಯಾಥೋಡನ್ನು ಹೀಟರ್ ಕಾಯಿಸುತ್ತದೆ. ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಹೊರಗಿನ ಪ್ಲೇಟಿಗೆ 300ರಿಂದ 500 ವೋಲ್ಟಿನಷ್ಟು ಪಾಸಿಟಿವ್ ಒತ್ತಡ ಕೊಟ್ಟಿರುವುದರಿಂದ ಅವು ಅತ್ತ ಓಡುತ್ತವೆ. ದಾರಿಯಲ್ಲಿ ಗ್ರಿಡ್ ಎಂಬ ಜಾಲರಿ ಅಡ್ಡ ಇದೆ. ಕ್ಯಾಥೋಡಿಗಿಂತ ಗ್ರಿಡ್ಡನ್ನು ನೆಗೆಟಿವ್ ಮಾಡಿದಷ್ಟೂ ಎಲೆಕ್ಟ್ರಾನುಗಳ ದಾರಿ ಬಿಗಿಯಾಗುತ್ತದೆ. ಆ ನೆಗೆಟಿವ್ ವೋಲ್ಟೇಜೇ ಬಯಾಸ್. ಗಿಟಾರಿನ ಸಿಗ್ನಲ್ ಅದರ ಮೇಲೆ ಏರಿಳಿಯುತ್ತದೆ.

ಗ್ರಿಡ್ಡಿಗೆ ನೆಗೆಟಿವ್ ಹೆಚ್ಚಾದರೆ ಕರೆಂಟ್ ಕಡಿಮೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಇದು ಕೋಲ್ಡ್ ಬಯಾಸ್. ನೆಗೆಟಿವ್ ಕಡಿಮೆಯಾದರೆ ಕರೆಂಟ್ ಹೆಚ್ಚು. ಇದು ಹಾಟ್ ಬಯಾಸ್. ಹೊಸಬರು ಮೊದಲು ಎಡವುವುದು ಇಲ್ಲಿಯೇ. ಮೈನಸ್ 42 ಎಂಬುದು ಮೈನಸ್ 36ಕ್ಕಿಂತ ತಣ್ಣಗಿನ ಬಯಾಸ್.

ಇಬ್ಬರು ಎಳೆಯುವ ಗರಗಸ

ದೊಡ್ಡ ಆಂಪ್ಲಿಫೈಯರ್‌ಗಳಲ್ಲಿ ಔಟ್‌ಪುಟ್ ವಾಲ್ವುಗಳು ಜೋಡಿಯಾಗಿ ದುಡಿಯುತ್ತವೆ. ಇದಕ್ಕೆ ಪುಶ್-ಪುಲ್ ಎನ್ನುತ್ತಾರೆ. ಮರದ ದಿಮ್ಮಿಗೆ ಉದ್ದನೆಯ ಗರಗಸ ಹಾಕಿ ಇಬ್ಬರು ಆಚೆ ಈಚೆ ನಿಂತು ಎಳೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲೆಯ ಮೇಲಿನ ಅರ್ಧವನ್ನು ಒಂದು ವಾಲ್ವ್ ಎಳೆಯುತ್ತದೆ, ಕೆಳಗಿನ ಅರ್ಧವನ್ನು ಇನ್ನೊಂದು. ಒಬ್ಬರು ಕೈ ಸಡಿಲಿಸುವ ಹೊತ್ತಿಗೆ ಇನ್ನೊಬ್ಬರು ಹಿಡಿತಕ್ಕೆ ತೆಗೆದುಕೊಂಡಿರಬೇಕು. ನಡುವೆ ಒಂದು ಕ್ಷಣ ಇಬ್ಬರೂ ಸುಮ್ಮನಾದರೆ ಗರಗಸ ಸಿಕ್ಕಿಕೊಳ್ಳುತ್ತದೆ.

ಕೋಲ್ಡ್ ಬಯಾಸಿನಲ್ಲಿ ಆಗುವುದು ಹಾಗೆಯೇ. ಒಂದು ವಾಲ್ವ್ ನಿಂತು ಇನ್ನೊಂದು ಶುರುವಾಗುವ ನಡುವೆ ಸಣ್ಣ ಕಚ್ಚು ಬೀಳುತ್ತದೆ. ಇದು ಕ್ರಾಸ್‌ಓವರ್ ಡಿಸ್ಟಾರ್ಷನ್. ಗಿಟಾರಿನ ಒಂದು ತಂತಿ ಮೀಟಿ, ಸ್ವರ ತಾನಾಗಿ ಅಡಗುವವರೆಗೆ ಕಾಯಿರಿ. ಅಡಗುವ ಕೊನೆಯಲ್ಲಿ ಒಣ ಎಲೆ ಸವರಿದಂಥ ಗರಗರ ಕೇಳಿದರೆ ಬಯಾಸ್ ತೀರಾ ತಣ್ಣಗಿರಬಹುದು. ಜೋರು ಸ್ವರದಲ್ಲಿ ಮುಚ್ಚಿಹೋಗುವ ಈ ದೋಷ ಮೆಲುದನಿಯಲ್ಲಿ ಬಯಲಾಗುತ್ತದೆ. ಹಾಟ್ ಬಯಾಸಿನಲ್ಲಿ ದನಿ ಮೃದುವಾಗಿ, ತುಂಬಿ ಬರುತ್ತದೆ. ಅದಕ್ಕೆ ಕೊಡುವ ಬೆಲೆ ಶಾಖ. ಅತಿಯಾದರೆ ದನಿ ಮಂಕಾಗುತ್ತದೆ, ವಾಲ್ವ್ ಬೇಗ ಸಾಯುತ್ತದೆ.

ಕ್ಯಾಥೋಡ್ ಬಯಾಸ್, ಫಿಕ್ಸೆಡ್ ಬಯಾಸ್

ಮೊದಲನೆಯದರಲ್ಲಿ ಕ್ಯಾಥೋಡಿಗೂ ಚಾಸಿಗೂ, ಅಂದರೆ ಆಂಪ್ಲಿಫೈಯರ್‌ನ ಲೋಹದ ಚೌಕಟ್ಟಿಗೂ, ನಡುವೆ ಒಂದು ರೆಸಿಸ್ಟರ್ ಇರುತ್ತದೆ. ವಾಲ್ವಿನ ಕರೆಂಟ್ ಅದರ ಮೂಲಕ ಹರಿದು ಕ್ಯಾಥೋಡನ್ನು ಕೆಲವು ವೋಲ್ಟ್ ಮೇಲೆತ್ತುತ್ತದೆ, ಅದರ ಎದುರು ಗ್ರಿಡ್ ತಾನಾಗಿ ನೆಗೆಟಿವ್ ಆಗುತ್ತದೆ. ಕರೆಂಟ್ ಹೆಚ್ಚಿದರೆ ಬಯಾಸೂ ಹೆಚ್ಚಿ ಕರೆಂಟನ್ನು ತಗ್ಗಿಸುತ್ತದೆ. ತನ್ನನ್ನು ತಾನೇ ಹದದಲ್ಲಿ ಇಟ್ಟುಕೊಳ್ಳುವ ಏರ್ಪಾಡು. ಎಸಿ30ರಲ್ಲಿ ನಾಲ್ಕೂ ವಾಲ್ವಿಗೆ ಸೇರಿ 50 ಓಮಿನ ಒಂದೇ ರೆಸಿಸ್ಟರ್. ಅದರ ಎರಡು ತುದಿಗಳ ನಡುವೆ 10 ವೋಲ್ಟ್ ತೋರಿಸಿದರೆ ಒಟ್ಟು ಕರೆಂಟ್ 200 ಮಿಲಿಆಂಪಿಯರ್, ತಲಾ 50. ಇಲ್ಲಿ ಪ್ರಿಸೆಟ್, ಅಂದರೆ ಬಯಾಸನ್ನು ತಿರುಗಿಸಿ ಹೊಂದಿಸುವ ಸಣ್ಣ ರೆಸಿಸ್ಟರ್, ಇರುವುದಿಲ್ಲ. ಬದಲಿಸಬೇಕಿದ್ದರೆ ರೆಸಿಸ್ಟರನ್ನೇ ಬದಲಿಸಬೇಕು.

ಎರಡನೆಯದಕ್ಕೆ ಫಿಕ್ಸೆಡ್ ಬಯಾಸ್ ಎಂದು ಹೆಸರು, ಆದರೆ ಹೆಸರು ದಾರಿ ತಪ್ಪಿಸುತ್ತದೆ. ಗ್ರಿಡ್ಡಿಗೆ ಪ್ರತ್ಯೇಕ ನೆಗೆಟಿವ್ ಸಪ್ಲೈ ಇದೆ ಎಂದಷ್ಟೇ ಅದರ ಅರ್ಥ. ಹದ ಮಾಡಬೇಕಾದದ್ದು ಇದನ್ನೇ. ಫೆಂಡರ್ ಕಂಪನಿಯ 1950ರ ದಶಕದ ಕೊನೆಯ ಬ್ಯಾಸ್‌ಮನ್ ಇಂಥದ್ದು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು 1960ರ ದಶಕದ ಆರಂಭದಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯಲ್ಲಿ ಜೆಟಿಎಂ45 ಹುಟ್ಟಿತು. ಹಳೆಯ ಕೆಲವು ಆಂಪ್ಲಿಫೈಯರ್‌ಗಳಲ್ಲಿ ಪ್ರಿಸೆಟ್ ಕೂಡ ಇರುವುದಿಲ್ಲ, ಎರಡು ರೆಸಿಸ್ಟರುಗಳಿಂದ ಬಯಾಸನ್ನು ನಿಗದಿ ಮಾಡಿರುತ್ತಾರೆ.

ಈ ನೆಗೆಟಿವ್ ಸಪ್ಲೈಯಲ್ಲಿ ಕಣ್ಣಿಟ್ಟು ನೋಡಬೇಕಾದ ಒಂದು ಭಾಗವಿದೆ. ಒಂದು ಡಯೋಡು, ಒಂದೆರಡು ರೆಸಿಸ್ಟರು, ಒಂದೆರಡು ಎಲೆಕ್ಟ್ರೋಲಿಟಿಕ್ ಕಂಡೆನ್ಸರು, ಇಷ್ಟೇ ಸರ್ಕ್ಯೂಟ್. ಉಳಿದೆಲ್ಲ ಕಡೆ ಕಂಡೆನ್ಸರಿನ ಮೈನಸ್ ತುದಿ ಚಾಸಿಗೆ ಹೋಗುತ್ತದೆ. ಇಲ್ಲಿ ಮಾತ್ರ ಪ್ಲಸ್ ತುದಿ ಚಾಸಿಗೆ. ಅಭ್ಯಾಸಬಲದಿಂದ ಕೈ ತಾನಾಗಿ ಉಲ್ಟಾ ಬೆಸೆದುಬಿಡುತ್ತದೆ. ಉಲ್ಟಾ ಹಾಕಿದ ಕಂಡೆನ್ಸರ್ ಬಿಸಿಯಾಗಿ ಒಡೆಯುತ್ತದೆ, ಬಯಾಸ್ ಇಲ್ಲವಾಗುತ್ತದೆ, ಆಮೇಲೆ ವಾಲ್ವುಗಳು ಕೆಂಪಾಗುತ್ತವೆ. ಹತ್ತು ಹದಿನೈದು ವರ್ಷ ಹಳೆಯದಾದ ಬಯಾಸ್ ಕಂಡೆನ್ಸರನ್ನು, ಅದು ಚೆನ್ನಾಗಿಯೇ ಕಂಡರೂ, ಬದಲಿಸಿಬಿಡುವುದು ಒಳ್ಳೆಯದು. ಕಡಿಮೆ ಬೆಲೆಯ ಆ ಬಿಡಿಭಾಗ ಸಾವಿರಾರು ರೂಪಾಯಿಯ ವಾಲ್ವುಗಳನ್ನು ಕಾಯುತ್ತಿರುತ್ತದೆ.

ಲೆಕ್ಕ

ಪ್ರತಿ ವಾಲ್ವ್ ತನ್ನ ಪ್ಲೇಟಿನಲ್ಲಿ ಎಷ್ಟು ಶಾಖ ತಾಳಬಲ್ಲದು ಎಂಬುದಕ್ಕೆ ಮಿತಿ ಇದೆ. ಇಎಲ್84ಕ್ಕೆ 12 ವ್ಯಾಟ್, ಇಎಲ್34ಕ್ಕೆ 25, 6ಎಲ್6ಜಿಸಿಗೆ 30. ಫಿಕ್ಸೆಡ್ ಬಯಾಸಿನ ಪುಶ್-ಪುಲ್‌ನಲ್ಲಿ ಸುಮ್ಮನಿರುವಾಗ ಈ ಮಿತಿಯ 70 ಶೇಕಡಾ ದಾಟಬಾರದು ಎಂಬುದು ರೂಢಿ. 70 ಎಂಬುದು ಮುಟ್ಟಲೇಬೇಕಾದ ಗುರಿಯಲ್ಲ, ಮೇಲಿನ ಗಡಿ. 55, 60ರಲ್ಲೂ ಎಷ್ಟೋ ಆಂಪ್ಲಿಫೈಯರ್‌ಗಳು ಸೊಗಸಾಗಿ ನುಡಿಯುತ್ತವೆ. ಕ್ಯಾಥೋಡ್ ಬಯಾಸಿನವು ಪೂರ್ಣ ಮಿತಿಯ ಹತ್ತಿರವೇ ಓಡುತ್ತವೆ.

ಇಎಲ್34 ಜೋಡಿಯ ಪ್ಲೇಟಿನಲ್ಲಿ 450 ವೋಲ್ಟ್ ಇದೆ ಎನ್ನಿ. 25 ವ್ಯಾಟಿನ 70 ಶೇಕಡಾ 17.5 ವ್ಯಾಟ್. ಅದನ್ನು 450ರಿಂದ ಭಾಗಿಸಿದರೆ 0.039 ಆಂಪಿಯರ್, ಅಂದರೆ 39 ಮಿಲಿಆಂಪಿಯರ್. ಪ್ರತಿ ವಾಲ್ವಿಗೆ ಇದು ಗಡಿ.

ಅಳೆಯುವ ಬಗೆ

ಪ್ರತಿ ಔಟ್‌ಪುಟ್ ವಾಲ್ವಿನ ಕ್ಯಾಥೋಡಿಗೂ ಚಾಸಿಗೂ ನಡುವೆ 1 ಓಮಿನ ಒಂದೊಂದು ರೆಸಿಸ್ಟರ್ ಬೆಸೆದರೆ ಅಳತೆ ಸುಲಭ. 1 ಓಮಿನಲ್ಲಿ 1 ಮಿಲಿಆಂಪಿಯರ್ ಹರಿದರೆ 1 ಮಿಲಿವೋಲ್ಟ್ ಕಾಣಿಸುತ್ತದೆ. ಮಲ್ಟಿಮೀಟರಿನಲ್ಲಿ 44 ಎಂದು ಬಂದರೆ 44 ಮಿಲಿಆಂಪಿಯರ್. ಕ್ಯಾಥೋಡಿನಲ್ಲಿ ಪ್ಲೇಟಿನ ಕರೆಂಟಿನ ಜೊತೆ ಸ್ಕ್ರೀನ್ ಗ್ರಿಡ್ಡಿನ, ಅಂದರೆ ಮೊದಲ ಗ್ರಿಡ್ಡಿಗೂ ಪ್ಲೇಟಿಗೂ ನಡುವೆ ಇಂಥ ವಾಲ್ವುಗಳಲ್ಲಿರುವ ಎರಡನೇ ಜಾಲರಿಯ, ಕರೆಂಟೂ ಸೇರಿರುತ್ತದೆ. ಇಎಲ್34ರಲ್ಲಿ ಅದು ಸುಮಾರು 5 ಮಿಲಿಆಂಪಿಯರ್. ಅದನ್ನು ಕಳೆದರೆ ಪ್ಲೇಟಿನದು 39. ಈ ವಿಧಾನದಲ್ಲಿ ಮೀಟರಿನ ಕಡ್ಡಿ ಮುಟ್ಟುವ ಜಾಗದಲ್ಲಿ ವೋಲ್ಟೇಜ್ ಇಲ್ಲವೆನ್ನುವಷ್ಟು ಕಡಿಮೆ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಅರ್ಧ ಸುರುಳಿಯ ರೆಸಿಸ್ಟೆನ್ಸನ್ನು ಆಫ್ ಇರುವಾಗ ಅಳೆದು, ಆನ್ ಇರುವಾಗ ಅದರಲ್ಲಿ ಬೀಳುವ ವೋಲ್ಟೇಜನ್ನು ನೋಡಿ ಭಾಗಿಸುವ ಇನ್ನೊಂದು ದಾರಿಯಿದೆ. 40 ಓಮಿನಲ್ಲಿ 1.56 ವೋಲ್ಟ್ ಬಿದ್ದರೆ 39 ಮಿಲಿಆಂಪಿಯರ್. ಉತ್ತರ ಶುದ್ಧ, ಸ್ಕ್ರೀನಿನ ಪಾಲು ಕಳೆಯಬೇಕಿಲ್ಲ. ಆದರೆ ಮೀಟರಿನ ಎರಡೂ ಕಡ್ಡಿಗಳು 450 ವೋಲ್ಟಿನ ಮೇಲೆ ಕುಳಿತಿರುತ್ತವೆ. ಕೈ ಪಳಗದವರಿಗೆ ಇದು ಬೇಡ.

ಹೊಸ ವಾಲ್ವ್ ಹಾಕುವ ಮುಂಚೆ ಪ್ರಿಸೆಟ್ಟನ್ನು ಅತಿ ನೆಗೆಟಿವ್ ತುದಿಗೆ ತಿರುಗಿಸಿ. ವಾಲ್ವ್ ಇಲ್ಲದ ಸಾಕೆಟ್ಟಿನಲ್ಲಿ ಗ್ರಿಡ್ ಕಡ್ಡಿಗೆ ನಿಜವಾಗಿ ನೆಗೆಟಿವ್ ಬರುತ್ತಿದೆಯೇ ಎಂದು ಮೊದಲು ನೋಡಿ. ಆಮೇಲೆ ಸ್ಪೀಕರ್ ಜೋಡಿಸಿ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ಲಿಫೈಯರನ್ನು ಎಂದೂ ಓಡಿಸಬಾರದು. ವಾಲ್ಯೂಮ್ ಸೊನ್ನೆಯಲ್ಲಿರಲಿ. ಕಾಯಲು ಹತ್ತು ನಿಮಿಷ ಬಿಡಿ, ಸ್ವಲ್ಪ ಸ್ವಲ್ಪವೇ ತಿರುಗಿಸಿ. ಕರೆಂಟ್ ಏರಿದಂತೆ ಪ್ಲೇಟ್ ವೋಲ್ಟೇಜ್ ಇಳಿಯುತ್ತದೆ, ಹಾಗಾಗಿ ಅದನ್ನು ಮತ್ತೆ ಅಳೆದು ಲೆಕ್ಕವನ್ನು ಮತ್ತೆ ಮಾಡಬೇಕು. ಎರಡು ಮೂರು ಸುತ್ತಿನಲ್ಲಿ ಅಂಕಿ ನಿಲ್ಲುತ್ತದೆ. ಜೋಡಿಯ ಎರಡು ವಾಲ್ವುಗಳ ನಡುವೆ ನಾಲ್ಕೈದು ಮಿಲಿಆಂಪಿಯರ್ ವ್ಯತ್ಯಾಸವಿದ್ದರೆ ಗಿಟಾರಿಗೆ ತೊಂದರೆಯಿಲ್ಲ. ಬಹಳ ಹೆಚ್ಚಿದ್ದರೆ ಜೋಡಿ ಬದಲಿಸಿ.

ತಳಕಿನ ವೋಲ್ಟೇಜು

ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗದ ಭಾಗ ಇದು. ನಮ್ಮಲ್ಲಿ ಮನೆಗೆ ಬರಬೇಕಾದದ್ದು 230 ವೋಲ್ಟ್. ಪಂಪ್‌ಸೆಟ್ಟುಗಳೇ ತುಂಬಿರುವ ಬಯಲುಸೀಮೆಯ ಲೈನಿನಲ್ಲಿ ಮೋಟಾರುಗಳೆಲ್ಲ ಓಡುವಾಗ ಅದು 200ಕ್ಕೆ ಇಳಿಯಬಹುದು, ಎಲ್ಲ ನಿಂತ ಮೇಲೆ 250ಕ್ಕೆ ಏರಬಹುದು. ಬಲ್ಬು ಮಂಕಾಗಿ, ಮತ್ತೆ ಕಣ್ಣು ಕುಕ್ಕುವಂತೆ ಬೆಳಗುವುದನ್ನು ಕಂಡವರಿಗೆ ಇದು ಗೊತ್ತು. ಟ್ರಾನ್ಸ್‌ಫಾರ್ಮರ್‌ನಿಂದ ಹೊರಬರುವ ಪ್ಲೇಟ್, ಸ್ಕ್ರೀನ್, ಬಯಾಸ್, ಹೀಟರ್ ವೋಲ್ಟೇಜುಗಳೆಲ್ಲವೂ ಅದೇ ಪ್ರಮಾಣದಲ್ಲಿ ಏರಿಳಿಯುತ್ತವೆ.

ಬಯಾಸೂ ಜೊತೆಗೆ ಏರುವುದರಿಂದ ಸರಿಹೋಗುತ್ತದೆ ಎಂದು ಅನೇಕರು ನಂಬುತ್ತಾರೆ. ಸರಿಹೋಗುವುದಿಲ್ಲ. ಎಲ್ಲ ವೋಲ್ಟೇಜುಗಳೂ ಒಂದೇ ಪ್ರಮಾಣದಲ್ಲಿ ಏರಿದಾಗ ವಾಲ್ವಿನ ಕರೆಂಟ್ ಆ ಪ್ರಮಾಣದ ಒಂದೂವರೆ ಘಾತದಂತೆ ಏರುತ್ತದೆ, ಶಾಖ ಎರಡೂವರೆ ಘಾತದಂತೆ. 230ರಲ್ಲಿ 70 ಶೇಕಡಾಕ್ಕೆ ಹದ ಮಾಡಿದ ಇಎಲ್34, 250 ವೋಲ್ಟಿನಲ್ಲಿ ಸುಮಾರು 86 ಶೇಕಡಾ ಮುಟ್ಟುತ್ತದೆ. 200ರಲ್ಲಿ ಸುಮಾರು 49ಕ್ಕೆ ಇಳಿದು ದನಿ ಬಡವಾಗುತ್ತದೆ.

ಈಗ ಇದನ್ನು ಹಿಂದುಮುಂದು ಮಾಡಿ. ಮೋಟಾರುಗಳು ಓಡುತ್ತಿರುವ ಹೊತ್ತಿನಲ್ಲಿ, ಗೋಡೆಯಲ್ಲಿ 200 ಇದೆ ಎಂಬುದನ್ನು ನೋಡದೆ ಯಾರೋ 70 ಶೇಕಡಾಕ್ಕೆ ಹದ ಮಾಡಿದರು. ದನಿ ತುಂಬಿ ಬಂತು, ಎಲ್ಲರಿಗೂ ಸಂತೋಷವಾಯಿತು. ರಾತ್ರಿ ಲೈನು 230ಕ್ಕೆ ಬಂದಾಗ ಅದೇ ವಾಲ್ವ್ ಪೂರ್ತಿ ಮಿತಿಯಲ್ಲಿ ನಿಂತಿರುತ್ತದೆ. 250 ಆದಾಗ ಮಿತಿಯನ್ನು 20 ಶೇಕಡಾಕ್ಕಿಂತ ಹೆಚ್ಚು ಮೀರಿರುತ್ತದೆ. ಕಾರ್ಯಕ್ರಮದ ನಡುವೆ ವಾಲ್ವ್ ಹೋದರೆ ಬೈಗುಳ ವಾಲ್ವಿಗೆ ಬೀಳುತ್ತದೆ. ತಪ್ಪು ಅದರದ್ದಲ್ಲ.

ಹೀಟರಿನ ಕಥೆಯೂ ಇದೆ. ಅದು 6.3 ವೋಲ್ಟಿನದು, 10 ಶೇಕಡಾ ಹೆಚ್ಚುಕಡಿಮೆ ತಾಳುತ್ತದೆ. 250ರಲ್ಲಿ ಅದು 6.85 ಆಗಿ ಗಡಿಯೊಳಗೇ ಉಳಿಯುತ್ತದೆ. 200ರಲ್ಲಿ 5.5ಕ್ಕೆ ಇಳಿದು ಗಡಿಯ ಕೆಳಗೆ ಬೀಳುತ್ತದೆ. ಹೀಟರ್ ಸರಿಯಾಗಿ ಕಾಯದ ಹೊತ್ತಿನಲ್ಲಿ ಅಳೆದ ಬಯಾಸನ್ನು ನಂಬುವಂತಿಲ್ಲ.

ಪರಿಹಾರ ಕಷ್ಟದ್ದಲ್ಲ. ಬಯಾಸ್ ಅಳೆಯುವ ಮುಂಚೆ ಗೋಡೆಯ ವೋಲ್ಟೇಜನ್ನು ಅಳೆಯಿರಿ. ಒಳ್ಳೆಯ ಸ್ಟೆಬಿಲೈಜರ್ ಇಟ್ಟು, ಅದರ ಮೇಲೆಯೇ ಹದ ಮಾಡಿ, ಅದರ ಮೇಲೆಯೇ ನುಡಿಸಿ. ಸ್ಟೆಬಿಲೈಜರ್ ಇಲ್ಲದಿದ್ದರೆ 230ರಲ್ಲಿ 55 ಶೇಕಡಾಕ್ಕೆ ನಿಲ್ಲಿಸಿ. 250ಕ್ಕೆ ಏರಿದರೂ 68ರ ಸುಮಾರಿಗೆ ಇರುತ್ತದೆ, ವಾಲ್ವ್ ಉಳಿಯುತ್ತದೆ. ಅಮೆರಿಕದ 117 ವೋಲ್ಟಿನ ಹಳೆಯ ಆಂಪ್ಲಿಫೈಯರನ್ನು ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್‌ ಮೂಲಕ ಓಡಿಸುವವರು ಅದರಿಂದ ಹೊರಬರುವುದು ನಿಜಕ್ಕೂ ಎಷ್ಟು ಎಂದು ಅಳೆದೇ ಮುಂದುವರಿಯಬೇಕು.

ಕೆಂಪಾದ ಪ್ಲೇಟು

ಕೋಣೆಯ ದೀಪ ಆರಿಸಿ ವಾಲ್ವನ್ನು ನೋಡಿ. ನಡುವಿನ ಹೀಟರಿನ ಕಿತ್ತಳೆ ಬೆಳಕು ಸಹಜ. ಗಾಜಿನ ಒಳಮೈ ಮೇಲೆ ತೆಳ್ಳಗೆ ನೀಲಿ ಕಂಡರೆ ಅದೂ ಹೆಚ್ಚಿನ ಸಲ ನಿರಪಾಯ. ಹೊರಗಿನ ಬೂದು ಬಣ್ಣದ ಪ್ಲೇಟಿನ ಮೇಲೆ ಮಸುಕಾದ ಕೆಂಪು ಮಚ್ಚೆ ಮೂಡಿ ಹರಡತೊಡಗಿದರೆ ತಕ್ಷಣ ಆಫ್ ಮಾಡಿ. ವಾಲ್ವಿನ ಒಳಗಿನ ಬೆಳ್ಳಿಯಂತೆ ಹೊಳೆಯುವ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳಹೊಕ್ಕಿದೆ, ಅದರ ಕಥೆ ಮುಗಿದಂತೆ.

ಎರಡೂ ವಾಲ್ವುಗಳು ಕೆಂಪಾದರೆ ಬಯಾಸ್ ಸಪ್ಲೈಯನ್ನು ಅನುಮಾನಿಸಿ. ಒಂದೇ ಕೆಂಪಾದರೆ ಎರಡನ್ನೂ ಅದಲುಬದಲು ಮಾಡಿ ನೋಡಿ. ಕೆಂಪು ವಾಲ್ವಿನ ಜೊತೆಗೆ ಹೋದರೆ ದೋಷ ವಾಲ್ವಿನದು. ಅದೇ ಸಾಕೆಟ್ಟಿನಲ್ಲಿ ಉಳಿದರೆ ಹಿಂದಿನ ಕಪ್ಲಿಂಗ್ ಕಂಡೆನ್ಸರ್ ಸೋರುತ್ತಿದೆಯೇ, ಗ್ರಿಡ್ ರೆಸಿಸ್ಟರ್ ಕಡಿದಿದೆಯೇ ನೋಡಬೇಕು. ಸೋರುವ ಕಂಡೆನ್ಸರ್ ಗ್ರಿಡ್ಡಿಗೆ ಪಾಸಿಟಿವ್ ತಂದು ಬಯಾಸನ್ನು ಅಳಿಸಿಹಾಕುತ್ತದೆ. ಹಳೆಯ ಕಾಗದದ ಕಂಡೆನ್ಸರುಗಳಿರುವ ಮೈಕ್ ಸೆಟ್ಟುಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಜೀವದ ಮಾತು

ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರುಗಳಲ್ಲಿ 400 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಅದು ಸಾಯಿಸುತ್ತದೆ. ಹೆಚ್ಚು ವ್ಯಾಟಿನ ರೆಸಿಸ್ಟರಿನ ಮೂಲಕ ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಬೇಕು. ಆನ್ ಇರುವಾಗ ಅಳೆಯಬೇಕಾದರೆ ಒಂದು ಕೈ ಬೆನ್ನ ಹಿಂದೆ ಇರಲಿ, ಕಾಲಿಗೆ ರಬ್ಬರ್ ಚಪ್ಪಲಿ ಇರಲಿ, ಪಕ್ಕದಲ್ಲಿ ಇನ್ನೊಬ್ಬರಿರಲಿ.

ಎರಡು ಪಿನ್ನಿನ ಹಳೆಯ ಆಂಪ್ಲಿಫೈಯರಿಗೆ ಮೂರು ಪಿನ್ನಿನ ವೈರ್ ಹಾಕಿಸುವುದು ಬಯಾಸಿಗಿಂತ ಮೊದಲಿನ ಕೆಲಸ. ಗಿಟಾರಿನ ತಂತಿ ನೇರವಾಗಿ ಚಾಸಿಗೆ ಕೂಡಿರುತ್ತದೆ, ವಾದಕರ ತುಟಿ ಮೈಕಿನ ಹತ್ತಿರ ಇರುತ್ತದೆ. ಮೂರನೇ ಪಿನ್ ಇದ್ದರೂ ಸಾಲದು, ಅರ್ಥಿಂಗ್ ಜೀವಂತವಾಗಿರಬೇಕು. ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಸೇರಿವೆ. ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಅರ್ಥ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿ ಬೇಸಿಗೆಯಲ್ಲಿ ನೀರು ಹಾಕುವ ಹಳೆಯ ಪದ್ಧತಿಯನ್ನು ಬಿಡಬಾರದು.

ವಾಲ್ವ್ ಎಲ್ಲಿ ಸಿಗುತ್ತದೆ

ಹೊಸ ವಾಲ್ವುಗಳು ಈಗ ಮುಖ್ಯವಾಗಿ ಸ್ಲೊವಾಕಿಯಾ, ರಷ್ಯಾ ಮತ್ತು ಚೀನಾಗಳಲ್ಲಿ ತಯಾರಾಗುತ್ತವೆ. ಬಿಇಎಲ್ ಮುದ್ರೆಯ ಹಳೆಯವು ಬೇಕಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆಯ ಅಂಗಡಿಗಳಲ್ಲಿ, ರೇಡಿಯೊ ರಿಪೇರಿ ನಿಲ್ಲಿಸಿದವರ ಮನೆಯ ಅಟ್ಟದಲ್ಲಿ ವಿಚಾರಿಸಬಹುದು. ಹಳೆಯದೆಂದ ಮಾತ್ರಕ್ಕೆ ಒಳ್ಳೆಯದಲ್ಲ. ಬಳಸಿ ತೆಗೆದಿಟ್ಟ ವಾಲ್ವಿಗೂ ಬಳಸದೆ ಉಳಿದ ವಾಲ್ವಿಗೂ ಪೆಟ್ಟಿಗೆ ಒಂದೇ ಆಗಿರಬಹುದು. ಕೊಳ್ಳುವ ಮುಂಚೆ ಅಳೆಸಿ.

ನಿಮ್ಮೂರಿನಲ್ಲಿ ಹಳೆಯ ವಾಲ್ವ್ ಮೈಕ್ ಸೆಟ್ ಇದ್ದರೆ ಗುಜರಿಗೆ ಹಾಕಬೇಡಿ. ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಂದೇ ಸಾಕು, ಒಂದು ಗಿಟಾರ್ ಆಂಪ್ಲಿಫೈಯರ್ ಕಟ್ಟಬಹುದು. ಸ್ಪೀಕರನ್ನು ಹಾರ್ನುಗಳ 100 ವೋಲ್ಟ್ ಲೈನಿಗೆ ಸಿಕ್ಕಿಸದೆ 4, 8 ಅಥವಾ 16 ಓಮಿನ ತುದಿಗೆ ಸಿಕ್ಕಿಸಿದರಾಯಿತು. ಬಯಾಸ್ ಮಾಡಿ ಮುಗಿಸಿದ ದಿನ ಪೆಟ್ಟಿಗೆಯ ಒಳಮೈಗೆ ಒಂದು ಚೀಟಿ ಅಂಟಿಸಿ: ತಾರೀಖು, ಗೋಡೆಯ ವೋಲ್ಟೇಜು, ಪ್ಲೇಟಿನ ವೋಲ್ಟೇಜು, ಪ್ರತಿ ವಾಲ್ವಿನ ಮಿಲಿಆಂಪಿಯರ್. ಹತ್ತು ವರ್ಷದ ಮೇಲೆ ಅದನ್ನು ತೆರೆಯುವವರು ಮೊದಲು ಹುಡುಕುವುದು ಆ ಚೀಟಿಯನ್ನು.